ಬೆಂಕಿಯಿಲ್ಲದ ಒಲೆ

ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮನಿಗೆ, ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬೇಸರ ಮಾಡಿಕೊಳ್ಳಬೇಡ, ಕೋಪ ಆರಲೆಂದು ಕಾದೆ. ಆರಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ನಿನ್ನ ಮಗಳು ಗುಬ್ಬಿ ಕ್ಷೇಮ. ಆಟಿಸಂ ಇರುವವರಿಗೆ ಸ್ವತಂತ್ರವಾಗಿ ಬದುಕಲು ಕಲಿಸುತ್ತೇವೆಂದು ಬೋರ್ಡು ಹಾಕಿಕೊಂಡ ಕೇಂದ್ರಕ್ಕೆ, ನೀನು ಹೇಳಿದೆಯೆಂದು ಕಳುಹಿಸಿದೆನಲ್ಲ? ಅಲ್ಲಿನ ಅಡುಗೆಮನೆ ನೋಡಬೇಕಿತ್ತು ನೀನು. ಪ್ಲಾಸ್ಟಿಕ್ ಬದನೆಕಾಯಿ, ಮೊಂಡು ಚಾಕು, ಗ್ಯಾಸೇ ಇಲ್ಲದ ಒಲೆ. ಗುಂಡಿ ತಿರುಗಿಸಬೇಕು, ಪಾತ್ರೆ ಇಡಬೇಕು, "ಚಹಾ ಆಯ್ತು ಮೇಡಂ" ಎಂದು ನಗಬೇಕು. ಚಪ್ಪಾಳೆ! ಮಕ್ಕಳ ಬೊಂಬೆಯಾಟದಲ್ಲೂ ಇದಕ್ಕಿಂತ ಹೆಚ್ಚು ಸಂಸಾರವಿರುತ್ತದೆ.

ಹೋದ ತಿಂಗಳು ಒಂದು ದಿನ ಬಟ್ಟೆ ಒಣಹಾಕಿ ಒಳಬಂದರೆ ಮನೆಯೆಲ್ಲ ಗ್ಯಾಸ್ ವಾಸನೆ. ಗುಂಡಿ ತಿರುಗಿದೆ, ಬೆಂಕಿಯಿಲ್ಲ, ಮೇಲೆ ಪಾತ್ರೆ. ಗುಬ್ಬಿ ನಗುತ್ತ ನಿಂತಿದ್ದಾಳೆ. "ಚಹಾ ಆಯ್ತು ಅತ್ತೆ!" ಗ್ಯಾಸ್ ನಿಲ್ಲಿಸಿ, ಕಿಟಕಿ ತೆರೆದು, ಅವಳನ್ನು ಹೊರಗೆಳೆದುಕೊಂಡು ಹೋದೆ.

ಕೇಂದ್ರದ ಮೇಡಂಗೆ ಹೇಳಿದರೆ, "ನೋಡಿ ಆಂಟಿ, ಇಂಥವರಿಗೆ ಇಲ್ಲಿ ಕಲಿತದ್ದು ಮನೇಲಿ ಬರಲ್ಲ. ಇನ್ನೊಂದು ವರ್ಷ ಇರಲಿ" ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು!

"ಅಮ್ಮಾ ತಾಯಿ, ನೀವು ಕಲಿಸಿದ್ದು ಮನೇಲಿ ಹಾಗೇ ಬಂತು. ಅದಕ್ಕೇ ಸಾಯೋದ್ರಲ್ಲಿದ್ವಿ" ಎಂದು ಹೇಳಿ, ಹುಡುಗಿಯ ಕೈ ಹಿಡಿದುಕೊಂಡು ಬಂದುಬಿಟ್ಟೆ.

ಈಗ ನಮ್ಮ ಒಲೆಯಲ್ಲೇ ಪಾಠ. ಲೈಟರಿನ ಸದ್ದಿಗೆ ಕಿವಿ ಮುಚ್ಚಿಕೊಂಡಳು; ಬೆಂಕಿಪೊಟ್ಟಣ ಕೊಟ್ಟೆ. ಮೊದಲು ಕಡ್ಡಿ, ಆಮೇಲೆ ಗುಂಡಿ. ನಿನ್ನೆ ಅವಳೇ ಮಾಡಿದ ಚಹಾ ಕುಡಿದೆ. ಸಕ್ಕರೆ ಮರೆತಿದ್ದಾಳೆ ಅಂದುಕೊಂಡೆ. ಮರೆತಿಲ್ಲವಂತೆ, ನನಗೆ ಸಕ್ಕರೆ ಕಾಯಿಲೆಯೆಂದು ಹಾಕಲಿಲ್ಲವಂತೆ! ಆ ಮಹಾತಾಯಿಯ ಯಾವ ಪಾಠದಲ್ಲಿತ್ತೋ ಇದು.

ಮತ್ತೆ ಅಲ್ಲಿಗೆ ಸೇರಿಸು ಎಂದು ಬರೆದರೆ ಆ ಕಾಗದ ಒಲೆಗೇ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು.

ನಿನ್ನ
ಅಕ್ಕ

ಮರೆತಿದ್ದೆ: ನಿನ್ನನ್ನು ಕಂಡರೆ ಎರಡೂ ಕೈ ರೆಕ್ಕೆಯ ಹಾಗೆ ಪಟಪಟ ಬಡಿಯುತ್ತಿದ್ದಳಲ್ಲ? ಅದಕ್ಕೇ ತಾನೆ ನೀನು ಗುಬ್ಬಿ ಎಂದು ಕರೆದದ್ದು. ನಿನ್ನೆ, ಚಹಾ ಚೆನ್ನಾಗಿದೆ ಕಣೇ ಎಂದೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, "ಕೈ ಸುಮ್ಮನಿರಬೇಕು ಅಂತ ಮೇಡಂ ಹೇಳಿದ್ದಾರೆ" ಎಂದು ನಕ್ಕಳು. ಗ್ಯಾಸ್ ತುಂಬಿದ ದಿನವೂ ಅದೇ ನಗು. ಅವಳಿಗೆ ಖುಷಿಯಾಯಿತೋ ಇಲ್ಲವೋ, ನನಗೀಗ ತಿಳಿಯುತ್ತಿಲ್ಲ ಕಣೋ.