ಹೆಬ್ಬೂರು ಕೆರೆ ಏರಿಯ ಕರಿಜಾಲಿ

ಪ್ರೀತಿಯ ಉಸ್ತಾದರಿಗೆ, ನಿಮ್ಮ ಶಿಷ್ಯ ಸಿದ್ದರಾಜು ಮಾಡುವ ಸಲಾಮು.

ಗುಬ್ಬಿಯ ನಿಮ್ಮ ಅಂಗಡಿಗೆ ಗಾಡಿ ಗಾಲಿ ಮಾಡುವುದನ್ನು ಕಲಿಯಲು ಬಂದ ದಿನ ನೆನಪಿದೆಯಾ? ಕೈಗೆ ಉಳಿ ಕೊಡುವ ಮೊದಲೇ ಹೆಬ್ಬೂರಿನ ಕೆರೆ ಏರಿಗೆ ಕರೆದುಕೊಂಡು ಹೋದಿರಿ. "ಈ ಕರಿಜಾಲಿ ನಮ್ ತಾತನ ಕಾಲ್ದಲ್ಲಿ ಗಾಲಿಗೆ ಅಂತ್ಲೇ ಬಿತ್ತಿದ್ದು ಕಣೋ. ಒಂದ್ ಕಡಿದ್ರೆ ಮೂರು ಬೀಜ ಹಾಕ್ಬೇಕು" ಅಂದಿರಿ. ಕಡಿದ ದಿಮ್ಮಿಯನ್ನು ಮಳೆಗಾಲ ಪೂರ್ತಿ ಕೆರೆಯ ಕೆಸರಲ್ಲಿ ಹೂತಿಡಬೇಕು, ಆಮೇಲೆ ನೆರಳಲ್ಲಿ ಒಣಗಿಸಬೇಕು. ಇಲ್ಲದಿದ್ದರೆ ಸೀಳು ಬಿಡುತ್ತದೆ. ನನಗೆಲ್ಲಿತ್ತು ಅಷ್ಟು ತಾಳ್ಮೆ!

ನೀವು ಜ್ವರ ಬಂದು ಮಲಗಿದ್ದ ವರ್ಷ, ನನ್ನ ಮೊದಲ ಗಾಲಿಯ ಆಸೆಗೆ ದಿಮ್ಮಿಯನ್ನು ಒಂದೇ ತಿಂಗಳಿಗೆ ಕೆಸರಿನಿಂದ ಎಳೆದು ತಂದೆ. "ಮಳೆಗಾಲ ಪೂರ್ತಿ ನೀರಲ್ಲಿತ್ತೇನ್ಲಾ?" ಅಂದಿರಿ. ಹೂಂ ಅಂದೆ. ಆ ದಿಮ್ಮಿಯಲ್ಲಿ ನಾನು ಮಾಡಿದ ಗಾಲಿಯನ್ನು ಕೊಂಡಿದ್ದ ಹೆಬ್ಬೂರಿನ ಕೆಂಪಣ್ಣ, ಅದು ಒಡೆದು ವಾಪಸ್ ತಂದಾಗ ನೀವು ನನ್ನ ಕಡೆ ನೋಡಲೇ ಇಲ್ಲ. "ಮರ ಆರಿಸಿದ್ದು ನಾನು ಕೆಂಪಣ್ಣ, ತಪ್ಪು ನಂದೇ. ಆ ಏರಿ ಮರದಲ್ಲಿ ಕಸುವಿಲ್ಲ, ಬುಡು" ಅಂದು ಬೇರೆ ಗಾಲಿ ಮಾಡಿಕೊಟ್ಟಿರಿ. ನಿಜ ಹೇಳಿಬಿಡೋಣ ಅಂತ ಎಷ್ಟು ಸಲ ಬಾಯಿ ತೆರೆದೆನೋ, ಆದರೆ... ನಿಮಗೆ ಗೊತ್ತಿತ್ತಾ ಉಸ್ತಾದ್?

ನಿಮ್ಮ ಆ ಮಾತು ಊರೆಲ್ಲ ಹಬ್ಬಿತು. ಸುತ್ತಲಿನ ಏರಿಗಳೆಲ್ಲ ಬೋಳಾದವು, ಕೆಟ್ಟ ಹೆಸರು ಹೊತ್ತ ಹೆಬ್ಬೂರಿನ ಕರಿಜಾಲಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಈಗ ಅಲ್ಲಿ ಹೋಗಿ ನಿಂತರೆ ತಂಪು. ಕೊಂಬೆ ತುಂಬ ಗೀಜಗನ ಗೂಡು. ನನಗಂತೂ ನಗು ತಡೆಯಲಾಗುವುದಿಲ್ಲ.

ಎರಡು ವರ್ಷದ ಹಿಂದೆ ಗಾಳಿಗೆ ಅಲ್ಲಿ ಒಂದು ಮರ ಉರುಳಿತು. "ಒಲೆಗಷ್ಟೇ ಲಾಯಕ್ಕು, ತಗೊಂಡೋಗಿ" ಅಂದರು ಪಂಚಾಯ್ತಿಯವರು. ಈ ಸಲ ನೀವು ಹೇಳಿದಂತೆಯೇ ಮಾಡಿದೆ, ಒಂದು ದಿನವೂ ಕದಿಯಲಿಲ್ಲ. ಗಾಲಿ ಹೋಗಿದ್ದು ಅದೇ ಕೆಂಪಣ್ಣನ ಗಾಡಿಗೆ. ಒಂದು ಸುಗ್ಗಿ ಪೂರ್ತಿ ರಾಗಿ ಹೊತ್ತರೂ ಕೂದಲೆಳೆಯಷ್ಟೂ ಸೀಳಿಲ್ಲ.

ಮೊನ್ನೆ ಸಿಕ್ಕ ಕೆಂಪಣ್ಣ ಗಾಲಿ ತಟ್ಟಿ, "ಕಬ್ಬಿಣ ಇದ್ದಂಗೈತಲ್ಲೋ! ಎಲ್ಲೀ ಮರ ಇದು?" ಅಂದ.

ನಿಜ ಹೇಳಿದರೆ ನಿಮ್ಮ ಮೇಲಿನ ತಪ್ಪು ಕಳೆಯುತ್ತಿತ್ತು. ನಾಳೆಯೇ ಏರಿಗೆ ಗರಗಸವೂ ಬರುತ್ತಿತ್ತು.

"ಕುಣಿಗಲ್ ಕಡೇದು ಕಣಣ್ಣ" ಅಂದೆ.

ಅಲ್ಲಿಂದ ನೇರ ಏರಿಗೆ ಹೋಗಿ, ಉರುಳಿದ ಮರದ ಜಾಗದಲ್ಲಿ ಮೂರು ಬೀಜ ಹಾಕಿ ಬಂದೆ. ಮೊದಲನೇ ಸುಳ್ಳನ್ನು ಕ್ಷಮಿಸಿ ಉಸ್ತಾದ್. ಎರಡನೆಯದಕ್ಕೆ ಕ್ಷಮೆ ಕೇಳುವುದಿಲ್ಲ.

ನಿಮ್ಮ,
ಸಿದ್ದ