ಎರಡೂ ಗ್ರೂಪ್ ಒಟ್ಟಿಗೆ

ರಾಯದುರ್ಗ
4 ಆಗಸ್ಟ್ 2000, ಶುಕ್ರವಾರ

ಹೇಳದೆ ಕೇಳದೆ ಮನೆ ಬಿಟ್ಟು ಹೋದ ನನ್ನ ಮನೆಯವರಿಗೆ, ಮಂಗಳಾ ಕೈಮುಗಿದು ಬರೆಯುವುದು.

ನಿಮ್ಮ ಅಕ್ಕ ಶಾಂತಕುಮಾರಿ ನಿನ್ನೆ ಮಡಕಶಿರಾದಿಂದ ನಮ್ಮ ಜೀನ್ಸ್ ಯೂನಿಟ್ಟಿಗೆ ಫೋನ್ ಮಾಡಿದ್ದರು. ನೀವು ಅವರ ಮನೆಯಲ್ಲಿದ್ದೀರಿ ಎಂದು ತಿಳಿದು ಮೊದಲು ಜೀವ ಬಂತು, ಉಳಿದದ್ದು ಕೇಳಿ ಬಂದ ಜೀವ ಹೋಯಿತು. ಊಟ ಮುಟ್ಟುವುದಿಲ್ಲವಂತೆ, ಮಾತಿಲ್ಲವಂತೆ, ಸಂಜೆಯಾದರೆ ಹೊಲದ ಬಾವಿಕಟ್ಟೆಯ ಮೇಲೆ ಕೂತಿರುತ್ತೀರಂತೆ. ಸೋಮವಾರ ಅಕ್ಕ ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುತ್ತಾರೆ. "ಅವ್ನೊಬ್ನೇ ಮನೇಲಿದ್ರೆ ನಂಗೆ ಭಯ ಆಗ್ತೈತೆ ಕಣಮ್ಮ" ಎಂದು ಅತ್ತರು. ನನಗೂ ಭಯವಾಗಿದೆ. ಮಾವ ಕಾಲು ಮುರಿದುಕೊಂಡು ಮಲಗಿರುವಾಗ ಅವರನ್ನು ಬಿಟ್ಟು ಬರಲಾರೆ. ಅದಕ್ಕೇ ಬಟ್ಟೆ ಲಾರಿಯ ಜಯಣ್ಣನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಸಿ.ಎ. ಇಂಟರ್ ಆಗದಿದ್ದರೆ ಅದು ನಿಮ್ಮ ತಲೆಯ ತಪ್ಪಲ್ಲ, ಈ ಮನೆಯ ಹಟದ ತಪ್ಪು. ಪರೀಕ್ಷೆಯ ಎರಡು ಗ್ರೂಪಿನ ಪೇಪರುಗಳಲ್ಲಿ ಒಂದು ಗ್ರೂಪ್ ಈಗ, ಇನ್ನೊಂದು ಆರು ತಿಂಗಳಿಗೆ ಎಂದು ಮೊದಲ ಸಲ ನೀವೇ ಹೇಳಿದಿರಿ. ಮಾವ ಟವೆಲ್ಲು ಕೊಡವಿ ಎದ್ದು, "ಅರ್ಧ ಉಣ್ಣೆ ಕತ್ತರಿಸಿದ ಕುರಿನ ಸಂತಿಗೆ ಹೊಡಿತಾರೇನಲೇ?" ಎಂದರು. ನೀವು ಹೋಗಿ ಎರಡಕ್ಕೂ ಫೀಸು ಕಟ್ಟಿ ಬಂದಿರಿ. ಒಟ್ಟಿಗೆ ಬರೆದರೆ ಒಂದರಲ್ಲಿ ಹೆಚ್ಚಾದ ಅಂಕ ಇನ್ನೊಂದರ ಕೊರತೆಗೆ ಆಗಿಬರುತ್ತದೆ ಎಂದು ಆಮೇಲೆ ನನಗೇ ಸಮಾಧಾನ ಹೇಳಿದಿರಿ. ಮಾವನೋ, ಕುರಿಸಂತೆಯಲ್ಲೆಲ್ಲ ಡಂಗುರ ಸಾರಿ ಬಂದರು. ಯರ್ರಪ್ಪನ ಮಗ ಎರಡೂ ಒಟ್ಟಿಗೆ ಕಟ್ಟಿದ್ದಾನಂತೆ ಹೌದೇ ಎಂದು ಪಕ್ಕದ ಊರು ಕಣೇಕಲ್ಲಿನವರೂ ನನ್ನನ್ನು ನಿಲ್ಲಿಸಿ ಕೇಳುವಂತಾಯಿತು.

ಯೂನಿಟ್ಟಿನಲ್ಲೂ ಅದೇ. ನಾನು ಜಿಪ್ ಹೊಲಿಯುತ್ತಿದ್ದರೆ ಪಕ್ಕದ ಮಿಷನ್ನಿನ ಸುಂಕಲಮ್ಮ, "ಇನ್ನೆಷ್ಟ್ ದಿನ ಬಿಡವ್ವ, ನಿನ್ ಗಂಡ ಪಾಸಾದ್ರ ನೀ ಕಾರಿನ್ಯಾಗ ಕುಂದ್ರತಿ" ಎನ್ನುತ್ತಾಳೆ. ನಗುತ್ತೇನೆ. ನನಗೆ ಕಾರು ಬೇಡ, ನೀವು ಬೇಕು.

ರಿಸಲ್ಟಿನ ದಿನ ನೀವು ಸ್ವಲ್ಪದರಲ್ಲಿ ತಪ್ಪಿತು ಎಂದಿರಿ. ಮಾವ ಮಲಗಿದ್ದಲ್ಲಿಂದಲೇ, "ಮುಂದಿನ ಸಲ ಎರಡೂ ಹೊಡಿತಾನ ಬಿಡು" ಎಂದರು. ಅಷ್ಟಕ್ಕೇ ಚಪ್ಪಲಿ ಮೆಟ್ಟಿ ಹೊರಟಿರಿ. ಬಸ್‌ಸ್ಟ್ಯಾಂಡಿನವರೆಗೂ ಓಡಿ ಬಂದೆ, ಕಾಣಲಿಲ್ಲ. ಸಿಟ್ಟಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಬೇಕಾದಷ್ಟಿದೆ. ಮನೆಗೆ ಬನ್ನಿ, ಎದುರು ಕೂರಿಸಿಕೊಂಡು ಬೈಯುತ್ತೇನೆ. ಬೈಸಿಕೊಳ್ಳುವುದಕ್ಕಾದರೂ ಮನುಷ್ಯ ಇರಬೇಕಲ್ಲ.

ನವೆಂಬರಿನಲ್ಲಿ ಒಂದೇ ಗ್ರೂಪ್ ಕಟ್ಟಿ. ಬೇಡವೆನಿಸಿದರೆ ಅದನ್ನೂ ಬಿಡಿ. ಮಾವನಿಗೆ ನಾನು ಹೇಳುತ್ತೇನೆ. ಒಂದು ದಿನ ಕೂಗಾಡುತ್ತಾರೆ, ಆಮೇಲೆ ಹಸಿವಾದಾಗ ಕರೆಯುತ್ತಾರೆ. ಜಯಣ್ಣ ಭಾನುವಾರ ಬೆಂಗಳೂರಿನಿಂದ ವಾಪಸು ಬರುವಾಗ ಅಕ್ಕನ ಮನೆಯ ಮುಂದೆ ಲಾರಿ ನಿಲ್ಲಿಸುತ್ತಾನೆ. ಹತ್ತಿ ಬನ್ನಿ.

ದಾರಿ ನೋಡುತ್ತಿರುವ,
ಮಂಗಳಾ

ವಿ.ಸೂ.: ಪತ್ರ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದೆ. ಹೋದ ನವೆಂಬರಿನಲ್ಲಿ ನಿಮ್ಮ ಮೊದಲ ಪೇಪರಿನ ದಿನ ರೊಟ್ಟಿ ಕಟ್ಟಿಕೊಂಡು ಬಳ್ಳಾರಿಗೆ ಬಂದಿದ್ದೆ. ಪರೀಕ್ಷೆ ಶುರುವಾಗಿದೆ, ಯಾರನ್ನೂ ಬಿಡುವುದಿಲ್ಲ ಎಂದು ಗೇಟಿನವನು ಹೇಳಿದ. ತಿರುಗಿ ನೋಡಿದರೆ ನೀವು ರಸ್ತೆಯಾಚೆ ಬೇವಿನ ಮರದ ಕೆಳಗೆ ಗೇಟಿಗೆ ಬೆನ್ನು ಹಾಕಿ ಕೂತಿದ್ದಿರಿ. ಗಂಟೆ ಹೊಡೆದು ಹುಡುಗರು ಹೊರಬಂದಾಗ ಎದ್ದು ಅವರೊಳಗೆ ಸೇರಿ, ಪೇಪರಿನಲ್ಲಿ ಏನೇನು ಬಂದಿತ್ತು ಎಂದು ಕೇಳುತ್ತಾ ನಡೆದಿರಿ. ನಾನು ಕರೆಯದೆ ರೊಟ್ಟಿಯ ಗಂಟು ಹಿಡಿದು ವಾಪಸು ಬಸ್ಸು ಹತ್ತಿದೆ. ಈ ಮೇ ತಿಂಗಳಲ್ಲೂ ಬಂದಿದ್ದೆ. ಅಂದೂ ನೀವು ಒಳಗೆ ಹೋಗಿರಲಿಲ್ಲ. ನನಗೆ ಗೊತ್ತಿದೆ, ಗೊತ್ತಿದ್ದೇ ಇಷ್ಟು ದಿನ ನಿಮ್ಮ ಪಕ್ಕದಲ್ಲಿ ಮಲಗಿದ್ದೇನೆ. ನನ್ನಿಂದ ಮುಚ್ಚಿಡಲು ಇನ್ನೇನೂ ಉಳಿದಿಲ್ಲ. ಬಂದುಬಿಡಿ.