ಯಾರೂ ಇಲ್ಲವೆಂದು ಬರೆದುಕೊಟ್ಟದ್ದು

ನ್ಯಾಮತಿ
೧೯ ಮೇ ೧೯೮೨

ನನ್ನ ಪ್ರೀತಿಯ ಅಂಜಮ್ಮನಿಗೆ, ನಿನ್ನ ಅಪ್ಪನ ತುಂಬು ಹರಕೆಗಳು. ಅಳಿಯಂದಿರಾದ ಬೈಲಪ್ಪನವರಿಗೂ ತಿಳಿಸುವುದು. ನಾನು ಆರೋಗ್ಯವಾಗಿದ್ದೇನೆ. ಮಂಡಿನೋವು ಇದೆ, ಅದು ನಿನಗೆ ಹಳೆಯ ಪರಿಚಯ.

ನಿನ್ನ ಕಾಗದ ಯುಗಾದಿಗೆ ಮೊದಲೇ ಬಂದಿತ್ತು. ಉತ್ತರ ತಡವಾದದ್ದಕ್ಕೆ ಪೆನ್ನು ಕೆಟ್ಟಿತ್ತು ಎಂದರೆ ನೀನು ನಂಬುವವಳಲ್ಲ. ‘ಮೈ ಡಿಯರ್ ಡಾಟರ್’ ಎಂದು ಬರೆಯುವುದು, ಮುಂದೇನೆಂದು ಕೂರುವುದು, ಅಷ್ಟರಲ್ಲಿ ಕರೆಂಟು ಹೋಗುವುದು, ಹೀಗೇ ಆಯಿತು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರರು ‘ಬ್ರೆವಿಟಿ, ಬಾಯ್ಸ್, ಬ್ರೆವಿಟಿ’ ಎನ್ನುತ್ತಿದ್ದರು. ಆ ಪಾಠ ನನಗೆ ಹತ್ತಲಿಲ್ಲ. ಈ ಕಾಗದವೂ ಉದ್ದವಾಗುತ್ತದೆ, ಸಹಿಸಿಕೋ.

ನೀನು ವಿಲಾಯಿತಿಯಿಂದ ಕಳಿಸಿದ ಮನೆಯ ಫೋಟೋ ಕೇರಿಯಲ್ಲಿ ಎಲ್ಲರ ಕೈಯಲ್ಲೂ ಓಡಾಡಿ ಮೂಲೆ ಮಡಚಿಕೊಂಡಿದೆ. ಮೇಲಿನ ಕಿಟಕಿಗೆ ಪೆನ್ನಿನಲ್ಲಿ ಬಾಣ ಎಳೆದು ‘ಅಪ್ಪನ ರೂಮು’ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗ ನಿಮ್ಮವ್ವ ಇರಬೇಕಿತ್ತು ಅನ್ನಿಸಿತು. ನಿನ್ನ ಚಿಕ್ಕಪ್ಪ ದೊಡ್ಡಣ್ಣ ಮಾತ್ರ ಗಾರೆ ಕೆಲಸದವನ ಕಣ್ಣಲ್ಲೇ ನೋಡಿದ. “ಇಟ್ಟಿಗೆ ಕಟ್ಟಿರಾದು ಚೆನ್ನಾಗೈತಣಾ. ಆದ್ರೆ ಮೇಲೆ ಗಾರೆನೇ ಮೆತ್ತಿಲ್ಲ. ದುಡ್ಡು ಸಾಲ್ದೆ ಬಂತೇನೋ ಪಾಪ, ಕೂಸಿಗೆ” ಎಂದು ನೊಂದುಕೊಂಡ. ಅಲ್ಲಿ ಇಟ್ಟಿಗೆ ಕಾಣುವಂತೆ ಬಿಡುವುದೇ ಅಂದ ಎಂದರೆ ನಗುತ್ತಾನೆ. ನಿಮ್ಮ ಚಿಕ್ಕಮ್ಮ ಅಂತರಘಟ್ಟಮ್ಮನ ಚಿಂತೆ ಬೇರೆ. “ಅಂಗಳಾನೇ ಕಾಣಂಗಿಲ್ಲ. ಭಾವೋರು ಬಿಸ್ಲು ಕಾಯ್ಸಾಕೆ ಎಲ್ಲಿ ಕುಂದರ್ತಾರೆ?” ಎಂದು ಕೇಳಿದಳು. ಆ ಊರಲ್ಲಿ ಬಿಸಿಲೂ ಇಲ್ಲ ಎಂದು ನಾನು ಹೇಳಲಿಲ್ಲ.

ಪಕ್ಕದ ಮನೆಯವರಿಗೂ ನಿಮಗೂ ನಡುವೆ ಒಂದೇ ಗೋಡೆ, ಇದಕ್ಕೆ ಸೆಮಿ ಡಿಟ್ಯಾಚ್ಡ್ ಅನ್ನುತ್ತಾರೆ ಎಂದು ಬರೆದಿದ್ದೆ. ನಮ್ಮದೂ ಅದೇ ಅಲ್ಲವೇ ಮಗಳೇ? ನನಗೂ ದೊಡ್ಡಣ್ಣನಿಗೂ ಪಾಲಾದ ದಿನ ಎದ್ದ ನಡುಗೋಡೆಗೆ ನಿಮ್ಮವ್ವ ಹಟ ಹಿಡಿದು ಒಂದು ಬಾಗಿಲು ಇಡಿಸಿದಳು. “ಪಾಲು ಆಗಿರಾದು ಮನೆ, ಸಾರಿನ ತಪ್ಪಲೆ ಅಲ್ಲ” ಅಂದಿದ್ದಳು. ಅವಳು ಹೋದ ಮೇಲೆ ಅದೇ ಬಾಗಿಲಿನಿಂದ ನನಗೆ ಎರಡು ಹೊತ್ತೂ ಊಟ ಬರುತ್ತಿತ್ತು. ಬಾಗಿಲ ವಿಷಯ ಆಮೇಲೆ ಬರೆಯುತ್ತೇನೆ.

ನೀನು ವಿವರಿಸಿದ ಮೂರು ಕಚೇರಿಗಳ ಸಂಗತಿಯನ್ನು ಮೊದಲು ನಾನು ಸರಿಯಾಗಿ ತಿಳಿದಿದ್ದೇನೆಯೇ ನೋಡು. ವಯಸ್ಸಾದ ತಂದೆಯನ್ನು ಅಲ್ಲಿಗೆ ಕರೆಸಿಕೊಂಡು ನೆಲೆ ನಿಲ್ಲಿಸಬೇಕಾದರೆ ಮಗಳಿಗೆ ಸ್ವಂತ ಮನೆ, ತಂದೆಗೆಂದೇ ಒಂದು ಕೋಣೆ ಇರಬೇಕೆಂದು ವೀಸಾದವರು ಹೇಳಿದರು. ಅದಕ್ಕೇ ನೀವು ಚಿಕ್ಕ ಮನೆ ಬಿಟ್ಟು ಶಕ್ತಿ ಮೀರಿ ಈ ದೊಡ್ಡ ಮನೆ ಕೊಂಡಿರಿ. ಸಾಲ ಕೊಟ್ಟವರ ಅರ್ಜಿಯಲ್ಲಿ ಮನೆಯಲ್ಲಿ ಇರುವವರ ಪಟ್ಟಿಗೆ ನನ್ನ ಹೆಸರೂ ಸೇರಿತು. ಇನ್ನು ತೆರಿಗೆಯವರಿಗೆ, ಅಪ್ಪ ನನ್ನ ಆಸರೆಯಲ್ಲಿದ್ದಾನೆ ಎಂದು ನೀನು ಪ್ರತಿವರ್ಷ ಬರೆದುಕೊಟ್ಟು ರಿಯಾಯಿತಿ ಪಡೆಯುತ್ತಿದ್ದೀ. ಈಗ ನಾನು ಬಾರದೆ ಹೋದರೆ ಒಬ್ಬರ ಕಾಗದ ಹಿಡಿದು ಇನ್ನೊಬ್ಬರು ಪ್ರಶ್ನೆ ಕೇಳುತ್ತಾರೆ. ನೇಗಿಲು, ನೊಗ, ಮಿಣಿಹಗ್ಗ ಇದ್ದ ಹಾಗೆ, ಒಂದನ್ನು ಬಿಚ್ಚಿದರೆ ಮೂರೂ ಕಳಚುತ್ತವೆ. ದಟ್ ಈಸ್ ದಿ ಪೊಸಿಷನ್. ಸರಿಯೇ?

ಸರಿಯೆಂದಾದರೆ ಉಳಿದದ್ದು ನನ್ನ ಕಡೆಯ ಒಂದೇ ಕಾಗದ. ಈ ಮುದುಕ ಮಗಳನ್ನೇ ನಂಬಿದ್ದಾನೆ, ಇವನ ನಾಡಿನಲ್ಲಿ ಇವನನ್ನು ನೋಡಿಕೊಳ್ಳಲು ಹತ್ತಿರದ ಸಂಬಂಧಿಕರು ಯಾರೂ ಇಲ್ಲ ಎಂದು ಸರ್ಕಾರ ಬರೆದುಕೊಡಬೇಕು. ನಾನು ಸಲೀಸೆಂದುಕೊಂಡೆ. ಇಲ್ಲದ್ದನ್ನು ಇದೆಯೆಂದು ಬರೆಸುವುದು ಕಷ್ಟ, ಇಲ್ಲವೆಂದು ಬರೆಸುವುದಕ್ಕೇನು?

ಹೊನ್ನಾಳಿ ತಾಲ್ಲೂಕು ಕಚೇರಿಯವರು ಸ್ಥಳದಲ್ಲೇ ಮಹಜರು ಮಾಡಿ ವಂಶವೃಕ್ಷ ಬರೆದುಕೊಂಡು ಬಾ ಎಂದು ವಿಲೇಜ್ ಅಕೌಂಟೆಂಟ್ ಷಣ್ಮುಖಪ್ಪನವರನ್ನು ಕಳಿಸಿದರು. ಒಳ್ಳೆಯ ಮನುಷ್ಯ. ನಮ್ಮ ಕೇರಿಯ ಶಾಲೆಯ ಜಗಲಿಯ ಮೇಲೆ ಕುಳಿತು ಹತ್ತು ಜನರ ಮುಂದೆ, “ಮೇಷ್ಟ್ರಿಗೆ ಇಲ್ಲಿ ಹತ್ರದೋರು ಯಾರೂ ಇಲ್ಲ ಅಂತ ಬರೀತೀನಿ. ಹೌದೇನ್ರಪ್ಪಾ?” ಎಂದರು.

ಮೊದಲು ಎದ್ದವಳು ಗಾದ್ರಮ್ಮ, ನನ್ನ ಸೋದರತ್ತೆಯ ಮಗಳು. “ಯಾಕ್ರೀ ಸಾಮಿ, ನಾವೇನು ಸತ್ತು ಮಣ್ಣಾಗೀವೇನು? ಬರ್ಕಳ್ರಿ. ಗಾದ್ರಮ್ಮ. ಎತ್ತಿ ಆಡ್ಸಿದ ಕೈ ಇದು!” ನನಗಿಂತ ಚಿಕ್ಕವಳು, ನನ್ನನ್ನು ಎತ್ತಿ ಆಡಿಸಿದಳಂತೆ! ಅವಳ ಹಿಂದೆ ಅವಳ ಗಂಡ, ಗಂಡನ ಅಣ್ಣ, ಆಮೇಲೆ ಅರ್ಧ ಕೇರಿ. ವಂಶವೃಕ್ಷದಲ್ಲಿ ಹೆಸರು ಬಿಟ್ಟುಹೋದರೆ ನಮ್ಮ ಜನಕ್ಕೆ ಅದೆಂಥ ಅವಮಾನವೆಂದು ನಿನಗೆ ಗೊತ್ತು. ಆಸ್ತಿಯಿರಲಿ ಬಿಡಲಿ, ಸತ್ತವನ ಹೆಣಕ್ಕೆ ಹೆಗಲು ಕೊಡುವ ಹಕ್ಕು ಹೋದ ಹಾಗೆ. ಮರುದಿನ ಜಗಳೂರಿನ ಬಸ್ಸು ಹಿಡಿದು ನಿನ್ನ ಸೋದರಮಾವ ಚಿಕ್ಕಹನುಮಂತಪ್ಪ ಬಿಳಿಚೋಡಿನಿಂದ ಕಂಬಳಿ ಸಮೇತ ಬಂದಿಳಿದ. “ಅಕ್ಕ ಸತ್ಲು ಅಂತ ಬಾಂಧವ್ಯಾನೂ ಸತ್ತೋತಾ ಭಾವ? ನಮ್ ಹೆಸ್ರು ಬಿಟ್ಟೀರಂತೆ?” ಎಂದು ಹೊಸಿಲಿನಾಚೆಯೇ ನಿಂತ. ನೀರೂ ಮುಟ್ಟಲಿಲ್ಲ. ಅವನ ಹೆಸರನ್ನೂ ಬರೆಸಿದ ಮೇಲೆಯೇ ಊಟಕ್ಕೆ ಕೂತದ್ದು.

ಷಣ್ಮುಖಪ್ಪನವರು ತಲೆಯ ಮೇಲೆ ಕೈ ಹೊತ್ತರು. “ಮೇಷ್ಟ್ರೇ, ಇದು ವೃಕ್ಷ ಅಲ್ಲ, ತೋಪು. ಇಷ್ಟು ಜನ ಇರೋನಿಗೆ ದಿಕ್ಕಿಲ್ಲ ಅಂತ ಹೆಂಗ್ರೀ ಬರೀಲಿ?” ಎಂದರು. ನನಗೆ ನಗುವೂ ಬಂತು. ಸುಳ್ಳೇಕೆ, ಹೆಮ್ಮೆಯೂ ಆಯಿತು.

ಎಲ್ಲರಿಗೂ ಬಿಡಿಸಿ ಹೇಳಿದವನು ದೊಡ್ಡಣ್ಣ. ನಾನು ಹೇಳಲಾರದೆ ಕೂತಿದ್ದೆ. ಅವನು, “ನಾವು ಅದೀವಿ ಅಂದ್ರೆ ಅಲ್ಲಿ ಅಂಜಿ ಮನೆ ಹೋಗ್ತೈತೆ. ಕೂಸು ಸಾಲ ಮಾಡಿ ತಗಂಡೈತೆ. ನಾವು ಇಲ್ಲ ಅನ್ನಾದೇ ಈಗ ನಂಟಸ್ತನ. ತಿಳೀತಾ?” ಎಂದ. ಒಬ್ಬೊಬ್ಬರೇ ಬಂದು ಹೊಸ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಗಾದ್ರಮ್ಮ ಒತ್ತಿ, ಬೆರಳನ್ನು ಸೀರೆಗೆ ಒರೆಸಿಕೊಂಡು, ನನ್ನ ಕಡೆ ನೋಡದೆ ಹೋದಳು. ಕೊನೆಗೆ ದೊಡ್ಡಣ್ಣ. ನಾನೇ ಕಲಿಸಿದ ಸಹಿ ಅವನದು, ‘ದೊಡ್ಡಣ್ಣ ಬಿನ್’ ಎಂದು ಶುರುವಾಗುತ್ತದೆ. ಬಿನ್ ಎಂದ ಮೇಲೆ ಅಪ್ಪನ ಹೆಸರು ಬರಬೇಕು. ನನ್ನ ಹೆಸರಿನ ಮುಂದೆಯೂ ಅದೇ ಅಪ್ಪ. ಪೆನ್ನು ಅಲ್ಲಿಗೇ ನಿಂತಿತು. ಆಮೇಲೆ ‘ಬಿನ್’ ಹೊಡೆದುಹಾಕಿ, ‘ಗಾರೆ ಕೆಲಸ, ನೆರೆಮನೆಯವನು’ ಎಂದು ಬರೆದ.

ಕಾಗದ ಸಿಕ್ಕಿತು ಮಗಳೇ. ಅದರ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಸಂದರ್ಶನಕ್ಕೆ ಮುಂದಿನ ತಿಂಗಳು ಮದ್ರಾಸಿಗೆ ಬರಬೇಕೆಂದು ವೀಸಾದವರೂ ತಿಳಿಸಿದ್ದಾರೆ. ಎವೆರಿಥಿಂಗ್ ಈಸ್ ಇನ್ ಆರ್ಡರ್.

ಆದರೆ ಹೋಗುವಾಗ ಷಣ್ಮುಖಪ್ಪನವರು ಒಂದು ಮಾತು ಬಿಟ್ಟುಹೋದರು: “ಎನ್‌ಕ್ವೈರಿಗೆ ಯಾರಾದ್ರೂ ಬಂದ್ರೂ ಬರಬಹುದು, ಹುಷಾರಾಗಿರ್ರಿ.” ನಮ್ಮವರು ಸುಳ್ಳು ಹೇಳುವುದು ಅಪರೂಪ, ಹೇಳಿದರೆ ಅರ್ಧಂಬರ್ಧ ಹೇಳುವವರಲ್ಲ. ಒಬ್ಬರೂ ನನ್ನ ಜಗಲಿ ಹತ್ತುವುದಿಲ್ಲ. ಮೊನ್ನೆ ಪ್ಯಾಂಟು ಹಾಕಿ ಬ್ಯಾಗು ಹಿಡಿದವನೊಬ್ಬ ಕೇರಿಗೆ ಬಂದ. ಗಾದ್ರಮ್ಮ ದೂರದಿಂದಲೇ, “ಮೇಷ್ಟ್ರಾ? ಅಯ್ಯೋ, ಹಿಂದಿಲ್ಲ ಮುಂದಿಲ್ಲ ಸಾಮಿ. ಸತ್ರೆ ಬಾಯಿಗೆ ನೀರು ಬಿಡೋರಿಲ್ಲ!” ಎಂದು ಸೆರಗು ಬಾಯಿಗಿಟ್ಟು ಅತ್ತೇಬಿಟ್ಟಳು. ಅವನು ವಿಮೆ ಏಜೆಂಟು. ವಾರಸುದಾರರೇ ಇಲ್ಲದವರಿಗೆ ಪಾಲಿಸಿ ಮಾಡಿಸಿ ಏನು ಪ್ರಯೋಜನವೆಂದು ನನಗೊಂದು ನಮಸ್ಕಾರ ಹೇಳಿ ಹೊರಟುಹೋದ.

ಬಾಗಿಲ ವಿಷಯ ಎಂದೆನಲ್ಲ. ಅದನ್ನು ದೊಡ್ಡಣ್ಣ ಮುಚ್ಚಿದ. ನೋಡಲು ಬಂದವರಿಗೆ ಎರಡು ಮನೆಯ ನಡುವೆ ಬಾಗಿಲು ಯಾಕೆಂದು ಏನು ಹೇಳುವುದು? ಚೌಕಟ್ಟು ಕಿತ್ತು, ಇಟ್ಟಿಗೆ ಇಟ್ಟು, ಮೇಲೆ ಗಾರೆ ಮೆತ್ತಿ, ಸುಣ್ಣ ಬಳಿದ. ಅವನ ಕೆಲಸದಲ್ಲಿ ಹುಳುಕು ಹುಡುಕುವುದು ಸಾಧ್ಯವಿಲ್ಲ. ಅಲ್ಲಿ ಬಾಗಿಲಿತ್ತೆಂದು ಈಗ ನನಗೇ ತಿಳಿಯುವುದಿಲ್ಲ. ಕತ್ತಲೆಯಲ್ಲಿ ಕೈಯಾಡಿಸಿದರೆ ಮಾತ್ರ ಆ ಜಾಗ ಸ್ವಲ್ಪ ತಣ್ಣಗಿದೆ. ಊಟ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ. ಸಾರಿಗೆ ಸೋಡಾ ಹಾಕುತ್ತಾರೆಂದು ನನ್ನ ಗುಮಾನಿ.

ಅಣ್ಣ ತಮ್ಮ ಮಾತಾಡಬೇಕೆಂದರೆ ಈಗ ಹೊನ್ನಾಳಿಗೆ ಹೋಗುತ್ತೇವೆ. ಬಸ್ಸಿನಲ್ಲಿ ಅವನು ಹಿಂದೆ, ನಾನು ಮುಂದೆ. ಹೊಳೆದಂಡೆಗೆ ಹೋದ ಮೇಲೆ ಒಟ್ಟಿಗೆ ಕೂರುತ್ತೇವೆ. ಅಲ್ಲಿ ನನ್ನ ಸಂದರ್ಶನದ ತಾಲೀಮು ನಡೆಯುತ್ತದೆ. ದೊಡ್ಡಣ್ಣನೇ ಬಿಳಿ ಸಾಹೇಬ, ಟವೆಲನ್ನು ಟೈ ಮಾಡಿಕೊಂಡು, “ಏನ್ ಮುದುಕಾ, ನಿಂಗೆ ಯಾರವ್ರೆ?” ಎಂದು ಗದರಿಸುತ್ತಾನೆ. ನಾನು ಇಂಗ್ಲಿಷಿನಲ್ಲೇ ಹೇಳಬೇಕೆಂದು ಪಣ ತೊಟ್ಟಿದ್ದೇನೆ: ಐ ಹ್ಯಾವ್ ನೋ ಕ್ಲೋಸ್ ರಿಲೇಟಿವ್ಸ್ ಟು ಟರ್ನ್ ಟು. ‘ಐ ಹ್ಯಾವ್’ ಎನ್ನುವವರೆಗೆ ಸಲೀಸು. ಅಲ್ಲಿಂದಾಚೆ ನಾಲಿಗೆ ಏಳುವುದಿಲ್ಲ. ಎದುರಿಗೆ ಅವನ ಮುಖ ಇರುತ್ತದಲ್ಲ. “ಹುಡುಗ್ರು ಬಾಯಿಪಾಠ ಒಪ್ಪಿಸ್ಲಿಲ್ಲ ಅಂತ ಬೆತ್ತ ಬೀಸ್ತಿದ್ದೋನು, ಈಗ ನೀನೇ ಫೇಲಾಗ್ತಿಯಲ್ಲಣಾ!” ಎಂದು ಅವನು ನಗುತ್ತಾನೆ. ಕಣ್ಣೊರೆಸಿಕೊಂಡು ಮತ್ತೆ ಸಾಹೇಬನಾಗುತ್ತಾನೆ.

ಒಂದು ಸಂದೇಹ, ಕೇವಲ ಜನರಲ್ ನಾಲೆಜ್ಜಿಗೆ. ಆ ಮೇಲಿನ ಕೋಣೆಯಲ್ಲಿ ಬೇರೆ ಯಾರನ್ನಾದರೂ ಬಾಡಿಗೆಗೆ ಇಟ್ಟುಕೊಳ್ಳಬಹುದೇ? ಮುದುಕನ ಮನಸ್ಸು ಬದಲಾಯಿತು ಎಂದು ಬರೆದರೆ ಅಲ್ಲಿಯವರು ಒಪ್ಪುತ್ತಾರೆಯೇ? ಬೇಡ ಬಿಡು, ಉತ್ತರ ನನಗೇ ಗೊತ್ತಿದೆ. ಬರುವುದಿಲ್ಲ ಎಂದರೆ ನಿನ್ನ ಮನೆ ಅಲ್ಲಾಡುತ್ತದೆ. ಬಂಧುಗಳಿದ್ದಾರೆ ಎಂದರೆ ಹೆಬ್ಬೆಟ್ಟು ಒತ್ತಿದ ಇಷ್ಟೂ ಜನ ಸುಳ್ಳುಗಾರರಾಗುತ್ತಾರೆ. ನೀನು ಹಗಲುರಾತ್ರಿ ಆಸ್ಪತ್ರೆಯಲ್ಲಿ ದುಡಿದು ಅಪ್ಪನಿಗೆಂದು ಕಿಟಕಿ ಇರುವ ಕೋಣೆ ಮಾಡಿದ್ದೀ. ಅದಕ್ಕೆ ನಾನು ಸಂತೋಷಪಡಬೇಕು, ಪಡುತ್ತಿದ್ದೇನೆ.

ಇನ್ನೊಂದು ಶುಭ ಸಮಾಚಾರ. ದೊಡ್ಡಣ್ಣನ ಮಗಳು ಭೀಮಕ್ಕನ ಮದುವೆ ಹೋದ ಭಾನುವಾರ ಚೆನ್ನಾಗಿ ಆಯಿತು. ಹುಡುಗ ಸಾಸ್ವೆಹಳ್ಳಿಯವನು, ಮಾತು ಕಮ್ಮಿ, ದುಡಿಮೆಗಾರ. ಲಗ್ನಪತ್ರಿಕೆಯಲ್ಲಿ ಆಮಂತ್ರಿಸುವವರ ಜಾಗದಲ್ಲಿ ಹಿರಿಯನಾದ ನನ್ನ ಹೆಸರಿಲ್ಲ, ಕಾರಣ ನಿನಗೆ ತಿಳಿದೇ ಇದೆ. ನಾನು ಚಪ್ಪರಕ್ಕೆ ಹೋಗಲಿಲ್ಲ, ಫೋಟೋದವನಿದ್ದ, ಪಟದಲ್ಲಿ ಬಿದ್ದರೆ ಅದೇ ಸಾಕ್ಷಿಯಾಗುತ್ತದೆ. ಹೋಳಿಗೆ ಮಾತ್ರ ಬಂತು, ನೆರೆಮನೆಯವನ ಲೆಕ್ಕದಲ್ಲಿ.

ನಿನ್ನ ಹೊಸ ಮನೆಯ ಹೊಸಿಲು ಗಟ್ಟಿಯಾಗಿರಲಿ, ಅಲ್ಲಿಯ ಮಳೆಗೆ ಬೂಟು ಒದ್ದೆಯಾಗದಿರಲಿ, ಅಳಿಯಂದಿರ ಬೆನ್ನುನೋವು ಇಳಿಯಲಿ. ನಿಮ್ಮವ್ವನ ಪಟಕ್ಕೆ ನಿನ್ನ ಮನೆಯ ಫೋಟೋ ಒರಗಿಸಿಟ್ಟಿದ್ದೇನೆ. ಈ ಕಾಗದ ಓದಿದ ಮೇಲೆ ಒಲೆಗೆ ಹಾಕು. ಅಲ್ಲಿ ಒಲೆ ಇಲ್ಲವಲ್ಲ, ಹರಿದಾದರೂ ಹಾಕು.

ಇಂತಿ ನಿನ್ನ ಅಪ್ಪ,
ತಿಪ್ಪೇಶಪ್ಪ

ತಾ.ಕ. ಲಕೋಟೆ ಅಂಟಿಸುವ ಮೊದಲು ಒಂದು ಮಾತು. ಮದುವೆಯ ಬೆಳಿಗ್ಗೆ ಭೀಮಕ್ಕ ಕೇರಿಯ ಹಿರಿಯರ ಕಾಲಿಗೆ ಬೀಳುತ್ತಾ ನಮ್ಮ ಬಾಗಿಲಿಗೂ ಬಂದಳು. ಬೀದಿ ಕಡೆಯಿಂದ ಬಂದಳು, ನಡುಗೋಡೆಯಲ್ಲಿ ದಾರಿಯಿಲ್ಲವಲ್ಲ. ಗಂಡಿನ ಕಡೆಯವರು, ಫೋಟೋದವನು ಜೊತೆಗಿದ್ದರು. ನನ್ನ ತೊಡೆಯ ಮೇಲೆ ಕೂತು ಅಕ್ಷರ ಕಲಿತವಳು ಅವರತ್ತ ಒಮ್ಮೆ ನೋಡಿದಳು. ಬಗ್ಗಿ ಕಾಲು ಮುಟ್ಟಿ, “ಮೇಷ್ಟ್ರೇ, ಹೋಗ್ಬರ್ತೀನ್ರಿ” ಅಂದಳು. ದೊಡ್ಡಪ್ಪ ಅನ್ನಲಿಲ್ಲ. ಅವಳ ತಪ್ಪಿಲ್ಲ, ಅಪ್ಪ ಹೇಳಿಕೊಟ್ಟಿದ್ದನ್ನು ತಪ್ಪದೆ ಒಪ್ಪಿಸಿದಳು. ನಾನೂ “ಚೆನ್ನಾಗಿರಮ್ಮ” ಎಂದೆ, ಯಾರ ಮಗಳಿಗೋ ಹೇಳುವ ಹಾಗೆ. ಅವರು ಹೋದ ಮೇಲೆ ಒಳಗೆ ಬಂದು ಆ ಇಂಗ್ಲಿಷ್ ವಾಕ್ಯವನ್ನು ಗೋಡೆಗೆ ಹೇಳಿದೆ. ಎಲ್ಲೂ ತಡವರಿಸಲಿಲ್ಲ, ಪೂರ್ತಿ ಬಂತು. ಮದ್ರಾಸಿನ ಬಗ್ಗೆ ಇನ್ನು ನೀನು ಚಿಂತಿಸಬೇಡ.